ಹಾವಿನ ದಿನ, ಭಾನುವಾರ

ನಾನು ಬೇಯಿಸುವುದು ಶಾಲೆಗೆ. ನೂರಾ ಹತ್ತು ಮಕ್ಕಳ ಗಂಜಿ.
ಆ ಒಲೆಗೆ ವಾರವೆಂದರೆ ಏಳು ದಿನ, ಬಿಡುವೆಂದರೆ ಭಾನುವಾರ.
ಅತ್ತೆಯ ಸಂತೆಗೋ ಆರೇ ದಿನದ ವಾರ:
ಒಮ್ಮೆ ಹಾವಿನ ದಿನ, ಒಮ್ಮೆ ಹಂದಿಯ ದಿನ,
ಮತ್ತೆ ಹಾವು.

ಹಂದಿಯ ದಿನ ಬೇಡವಂತೆ. ಅವತ್ತು ತಂಗಿ ಶುವಾ
ಚೀನಾದ ಒಳಪೇಟೆಗೆ ಮೆಣಸು ಹೊತ್ತು ಹೋಗಿರುತ್ತಾಳೆ.
ಹಾಗಾಗಿ ಹಾವೇ ಆಗಬೇಕು, ಭಾನುವಾರವೂ ಆಗಬೇಕು.
ಎಂಬತ್ತನಾಲ್ಕು ದಿನಕ್ಕೊಮ್ಮೆ ಹಾಗೆ ಕೂಡಿಬರುತ್ತದೆ ಎಂದು
ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು.
ಅತ್ತೆಗೆ ಓದು ಬಾರದು. ಒಲೆಯ ಮುಂದೆ
ಮುಸುಕಿನ ಜೋಳದ ಕಾಳು ಹರಡಿಕೊಂಡು
ಅಷ್ಟನ್ನೇ ಎಣಿಸಿಟ್ಟಿದ್ದಳು, ಮೇಷ್ಟ್ರಿಗಿಂತ ಮೊದಲು.

ಉಳಿದದ್ದು ಇನ್ನು ಹತ್ತೊಂಬತ್ತು ಕಾಳು.
ಬೆಳಿಗ್ಗೆಗೊಂದು ತೆಗೆದು ಕೋಳಿಗೆ ಎಸೆಯುತ್ತಾಳೆ.

ಪ್ರಯಾಣವೇನು ಮಹಾ! ಶನಿವಾರ ಮಧ್ಯಾಹ್ನ ಹೊರಟರೆ
ಸೋಮವಾರ ನಸುಕಿಗೆ ನಾನು ಮತ್ತೆ ಗಂಜಿಯ ಮುಂದೆ.
ಆದರೂ ಯೋಚಿಸಬೇಕಲ್ಲ.
ಬೈಕು ಮೈದುನ ಮೀ ಪೊನದು, ಹಿಂದಿನ ಬ್ರೇಕು ಮಾತ್ರ ಹಿಡಿಯುತ್ತದೆ.
ದೋಂಗ್ ವಾನ್ ದಾಟಿದ ಮೇಲೆ ಆ ಇಳಿಜಾರಿಗೆ ಎರಡೂ ಬೇಕು.
ಪೆಟ್ರೋಲು ನೀರಿನ ಬಾಟಲಿಯಲ್ಲಿ, ಎರಡು.
ಅತ್ತೆ ನಡುವೆ ಕೂರಬೇಕು. ಬೆನ್ನಿನ ಬುಟ್ಟಿ ಬಿಟ್ಟು ಬರುವವಳಲ್ಲ,
ಹದಿನೇಳು ತಿರುವಿನಲ್ಲೂ ಆ ಬಿದಿರು
ನನ್ನ ಗಲ್ಲಕ್ಕೆ ಉಜ್ಜುತ್ತಲೇ ಇರುತ್ತದೆ.

ರಾತ್ರಿಗೆ ಚು ಸೆ ಚಿಕ್ಕಪ್ಪನ ಮನೆ.
ಅವನಿಗೆ ಜೋಳದ ಸಾರಾಯಿ ಒಯ್ಯಬಾರದು, ಡಾಕ್ಟರು ಹೇಳಿದ್ದಾರೆ.
ಒಯ್ಯದೆ ಅವನ ಹೊಸಿಲು ತುಳಿಯುವಂತೆಯೂ ಇಲ್ಲ.
ಅರ್ಧ ಸೀಸೆ ಎಂದು ತೀರ್ಮಾನವಾಯಿತು.

ಇನ್ನು ಗಡಿಯಾರದ ತಕರಾರು.
ಗುಡ್ಡ ಒಂದೇ, ಸುಣ್ಣಕಲ್ಲು ಒಂದೇ,
ಕಲ್ಲಿನ ಸಂದಿಗೆ ಮಣ್ಣು ತುಂಬಿ ಜೋಳ ಊರುವ ಕೈಯೂ ಒಂದೇ,
ತಂಗಿಯ ಊರಲ್ಲಿ ಮಾತ್ರ ಗಂಟೆ ಒಂದು ಮುಂದೆ.
ಎಂಟಕ್ಕೆ ಬಾ ಅಂದರೆ ಯಾರ ಎಂಟು?
ಬೇಲಿ ಹಾಕುವ ಮುಂಚಿನ ಮಾತು. ಒಮ್ಮೆ ಹೀಗೇ ಆಗಿ
ಶುವಾ ಕಾದೂ ಕಾದೂ ಎದ್ದು ಹೋಗಿದ್ದಳು.
ಅವಳು ಕೂತ ಕಲ್ಲು ಇನ್ನೂ ಬೆಚ್ಚಗಿತ್ತು, ಅನ್ನುತ್ತಾಳೆ ಅತ್ತೆ.
ಬಿಸಿಲು ಬಿದ್ದಿತ್ತು, ಅಷ್ಟೆ. ನಾನು ಹೇಳಿಲ್ಲ.

ಈಗ ತಂತಿ ಬಂದಿದೆ, ಸಂತೆಯ ದಿನ ಗೇಟು ತೆರೆದು
ಚೀಟಿ ಇದ್ದವರನ್ನು ಬಿಡುತ್ತಾರೆ, ಕತ್ತಲಾಗುವ ಮೊದಲು ಎಣಿಸಿ ಕಳಿಸುತ್ತಾರೆ.
ನಿನ್ನೆ ಅತ್ತೆ ನನ್ನ ಫೋನು ಕಸಿದುಕೊಂಡು
ಎದುರು ಗುಡ್ಡಕ್ಕೆ ಕೂಗಿದ ಹಾಗೆ ಕೂಗಿದಳು:
"ಕುದುರೆಕಲ್ಲಿನ ಕಿವಿಗೆ ಬಿಸಿಲು ತಾಗಿದಾಗ!"
ಮಂಜು ಕವಿದರೆ, ಅಂದೆ.
"ಮಂಜು ಅವಳಿಗೂ ಕವಿದಿರುತ್ತದೆ."

ಬುಟ್ಟಿಯ ತಳಕ್ಕೆ ಅವಳು ಮೊದಲು ಇಟ್ಟದ್ದು
ಸೆಣಬಿನ ಲಂಗ. ತಾನೇ ನಾರು ಸುಲಿದು, ನಾಲ್ಕು ಚಳಿಗಾಲ ನೇಯ್ದದ್ದು.
ಅಂಚು ಮಾತ್ರ ಬಾಕಿ. ಅದು ತಂಗಿಯ ಸೂಜಿಯದೇ ಆಗಬೇಕು.
ಎತ್ತಿ ನೋಡಿದೆ, ಒದ್ದೆ ಮಗುವಿನಷ್ಟು ಭಾರ.
ಇಂಥದ್ದು ಉಡದೆ ಹೋದರೆ ಆಚೆಯ ಹಿರಿಯರು
ಯಾರ ಪೈಕಿ ಎಂದು ಬಾಗಿಲಲ್ಲೇ ನಿಲ್ಲಿಸುತ್ತಾರಂತೆ.

"ಆ ಪ್ರಯಾಣಕ್ಕೂ ದಿನ ಎಣಿಸಿಟ್ಟಿದ್ದೀಯಾ?"
ತಮಾಷೆಗೆ ಕೇಳಿದ್ದು. ಬಾಯಿಂದ ಬಿದ್ದ ಮೇಲೆ ತಮಾಷೆ ಅನಿಸಲಿಲ್ಲ.
ಅತ್ತೆ ನೀಲಿ ಹತ್ತಿದ ಬೆರಳಿಂದ ಗಂಟು ಬಿಗಿದಳು.
"ಅದು ಭಾನುವಾರವೇ ಬರುತ್ತದೆ ಅಂತ ಏನು?
ರಜೆ ಕೇಳಿಟ್ಟಿರು."

ಇವತ್ತು ಬೆಳಿಗ್ಗೆ ಕಂದು ಹೇಂಟೆ ಒಳಗೆ ನುಗ್ಗಿ
ಒಂದೇ ಸಲಕ್ಕೆ ಮೂರು ಕಾಳು ನುಂಗಿತು.
ಸರಿ, ಮೂರು ದಿನ ಹತ್ತಿರವಾಯಿತು ಅಂದೆ.
ಅತ್ತೆ ನಗಲಿಲ್ಲ. ಅಟ್ಟದ ತೆನೆಯಿಂದ ಮೂರು ಬಿಡಿಸಿ ತಂದು
ಜಾಗ ನೋಡಿ, ಸಾಲು ಸರಿಮಾಡಿ, ಇಟ್ಟಳು.

ಮೀ ಪೊ ಇನ್ನೂ ಬ್ರೇಕಿನ ತಂತಿ ತಂದಿಲ್ಲ.