ಮೂರು ಮೂಲಿ

ಮೊದಲ ರಾತ್ರಿ ಗಂಟು ಸಡ್ಲಾಗಿ
ನನ್ನ ಡ್ಯೂಟಿ ಅಂಗಿ ತೊಯ್ದಿತ್ತು.
ಪಿನ್ನು ಚುಚ್ಚಿದ್ದು ನನ್ನ ಬೆರಳಿಗಿ,
ಅತ್ತಿದ್ದು ಕೂಸು.

‘ಹೊಸ ಅರಿವಿ ಬ್ಯಾಡ’ ಅಂತ
ಅತ್ತಿ ತನ್ನ ಸೀರೀನೇ ಪರ್ ಅಂತ ಹರದಳು:
‘ಹಳೇದಕ್ಕ ಮೈ ಗೊತ್ತಿರ್ತದ.’
ಹನ್ನೊಂದು ತುಂಡು. ಸೆರಗಿನ ತುಂಡಿನಾಗ
ಇನ್ನೂ ವಗ್ಗರಣಿ ವಾಸನಿ.

ವಾಡಿ ಬಿಸಿಲಿಗಿ ಗಳಿಗ್ಯಾಗ ಒಣಗ್ತಾವ;
ಗಾಳಿ ಸಿಮೆಂಟ್ ಫ್ಯಾಕ್ಟರಿ ಕಡಿಂದ ತಿರಗಿತಂದ್ರ
ಮತ್ತ ಒಗಿ, ಮತ್ತ ಜಾಡಿಸು.
ಈಗ ಕತ್ತಲದಾಗೂ ಕೈ ತಾನೇ ಹೋಗ್ತದ,
ಹಸೀನೋ, ಒಣಗ್ಯಾದೋ.

ನಿನ್ನಿ ಗೂಡ್ಸ್ ದಾಟಿಸಿ
ಹಸಿರು ಬಾವುಟ ಸುತ್ತಲಾಕ ಹೋಗಿ
ಮಡಚಿಬಿಟ್ಟೀನಿ, ಮೂರು ಮೂಲಿ.
ಖಾದರಸಾಬ ನೋಡಿದ, ನಗಲಿಲ್ಲ.
ಬಾವುಟ ಇಸಕೊಂಡು
ತುದಿ ಒಳಗ ಸಿಗಿಸಿ ಕೊಟ್ಟ:
‘ಹಿಂಗ. ಪಿನ್ನೇ ಬ್ಯಾಡ.’