ಕಸದ ಕೋಣೆಯ ಅಳತೆ

ಮೊದಲ ದಿನವೇ ಹೇಳಿದಳು ಲವ್‌ಡೇ ಟ್ರೆಂಬಾತ್:
ಕಸದ ಕೋಣೆ ಬರೆಯಬೇಡ.
ನಕ್ಕೆ. ಮೂವತ್ತು ಹೋಟೆಲಿಗೆ ನಕ್ಷೆ ಬರೆದ ಕೈ ಇದು,
ಬಾಗಿಲಿಗೂ ಮುಂಚೆ ಹಿತ್ತಿಲನ್ನು ಗೀಚುತ್ತದೆ:
ಬಿನ್ನು, ಬಿನ್ನಿನ ಗಾಲಿ, ಗಾಲಿ ತಿರುಗುವಷ್ಟು ಜಾಗ,
ಲಾರಿ ಬರುವ ಮಂಗಳವಾರ.

ಮತ್ತೆ ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತೆ?
ಅದನ್ನೇ ಬರಿ, ಅಂದಳು.

ನ್ಯೂಲಿನ್ ಬಂದರಿನ ಮೇಲೆ ಬಲೆ ಹೆಣೆಯುತ್ತಿದ್ದ ಹಳೆಯ ಅಟ್ಟ.
ಗೋಡೆಯ ಕಲ್ಲಿಗಿನ್ನೂ ಡಾಂಬರಿನ ವಾಸನೆ.
ಟೇಪನ್ನು ಜೇಬಲ್ಲಿಟ್ಟು ಮೂರು ದಿನ
ಅವಳ ಈಗಿನ ಅಡುಗೆಮನೆಯಲ್ಲಿ ಸುಮ್ಮನೆ ಕೂತು
ತಟ್ಟೆಗಳು ಮರಳಿ ಬರುವುದನ್ನು ನೋಡಿದೆ.
ಪಾತ್ರೆ ತೊಳೆಯುವ ಜೋರಿ, ಹತ್ತೊಂಬತ್ತರ ಹುಡುಗ,
ಎಲ್ಲವನ್ನೂ ತಕ್ಕಡಿಗಿಟ್ಟು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ:
ಬ್ರೆಡ್ಡಿನ ಅಂಚು ನಾಲ್ಕು ಕಿಲೊ. ಮೀನಿನ ತಲೆ ಹನ್ನೊಂದು.
ಆಲೂಗಡ್ಡೆ, ಯಾಕೆ ಬಿಡ್ತಾರೋ ದೇವರೇ ಬಲ್ಲ, ಆರೂವರೆ.

ಅರ್ಧ ತಿಂದ ತಟ್ಟೆಯೊಂದನ್ನು ನನ್ನತ್ತ ಚಾಚಿದ.
ನನ್ನ ಕೈ ತಾನಾಗಿ ಹಿಂದೆ ಸರಿಯಿತು.
ಎಂಜಲು.
ಇವರ ಮಾತಿನಲ್ಲಿ ಅದಕ್ಕೆ ಬರೀ ತೂಕ.
ನಮ್ಮದರಲ್ಲಿ ಯಾರದೋ ಬಾಯಿ,
ಎಲೆ ಎತ್ತುವವರ ಬಾಗಿದ ಬೆನ್ನು.
ಆದರೆ ಅದೇ ನಾಲಿಗೆಯ ಮೇಲೆ ಕಲಗಚ್ಚೂ ಇತ್ತಲ್ಲ,
ಅಕ್ಕಿ ತೊಳೆದ ನೀರು, ಹಳಸಿದ ಗಂಜಿ, ಸೌತೆಯ ಸಿಪ್ಪೆ,
ಬಾನಿಗೆ ಮೂತಿಯಿಟ್ಟ ಎಮ್ಮೆಯ ಬಿಸಿ ಉಸಿರು.
ಅಂದರೆ ನಮಗೂ ಒಂದು ಕಾಲಕ್ಕೆ ಕಸದ ಕೋಣೆ ಇರಲಿಲ್ಲ.
ತಟ್ಟೆ ಇಸಕೊಂಡೆ. ಬೆಣ್ಣೆ ತಣ್ಣಗಿತ್ತು.

ಆಮೇಲೆ ಬರೆದೆ.
ತೊಳೆಯುವ ತೊಟ್ಟಿಯನ್ನು ನಡುಮನೆಗೆ ತಂದೆ, ಉಣ್ಣುವವರಿಗೆ ಕಾಣಲಿ.
ಪಕ್ಕದ ಕಟ್ಟೆಯಲ್ಲೊಂದು ಕಂಡಿ, ಕೆಳಗೆ ಗೊಬ್ಬರದ ಪೆಟ್ಟಿಗೆ,
ಅದು ಕೊಳೆಯುವಾಗ ಏಳುವ ಕಾವಿನೊಳಗೆ ಸುತ್ತಿ ಸುತ್ತಿ
ತಾಮ್ರದ ಕೊಳವೆ, ಮತ್ತೆ ಅದೇ ನಲ್ಲಿಗೆ ಬಿಸಿನೀರಾಗಿ.
ಬಿಸಿಲು ಕಾಣದ ನೆಲಮಾಳಿಗೆಗೆ ಕಾಫಿಯ ಚರಟ, ಚರಟಕ್ಕೆ ಅಣಬೆ.
ಸಿಂಪಿಚಿಪ್ಪು ಪುಡಿಮಾಡಿ ಸುಣ್ಣಕ್ಕೆ ಕಲಸಿದ ಮೇಜು:
ಬೆರಳಾಡಿಸಿದರೆ ಅಲ್ಲಲ್ಲಿ ಮುತ್ತಿನ ಹೊಳಪು ಚುಚ್ಚುತ್ತದೆ.

ಮೊದಲ ಜೂನಿನಲ್ಲಿ ಸೋತೆವು.
ನೊಣ. ನಾತ. ಪಕ್ಕದ ದೋಣಿಗೆ ಬಣ್ಣ ಬಳಿಯುವವನ ಎರಡು ದೂರು.
ನೀರು ಉಗುರುಬೆಚ್ಚಗೂ ಇಲ್ಲ.
ಒಂದು ರಾತ್ರಿ ಜೋರಿ ಸೊಂಟ ಹಿಡಿದು ನಿಂತಿದ್ದ:
ಕಂಡಿ ಒಂದು ಗೇಣು ಕೆಳಗಿದೆ, ಮೇಡಂ.
ಕೊಳವೆಯ ಸುತ್ತು, ಗಾಳಿಯ ದಾರಿ, ಎಲ್ಲ ಲೆಕ್ಕ ಹಾಕಿದ್ದೆ.
ಬೆನ್ನು ನನ್ನ ನಕ್ಷೆಯಲ್ಲಿರಲಿಲ್ಲ.

ಕಟ್ಟೆ ಒಡೆಸಿ ಗೇಣೆತ್ತರಿಸಿದೆವು. ಗೊಬ್ಬರಕ್ಕೆ ಒಣಹುಲ್ಲು ಸೇರಿಸಿದೆವು.
ಅಕ್ಟೋಬರಿಗೆ ನಲ್ಲಿ ಹಬೆಯಾಡಿತು.

ಕೌನ್ಸಿಲಿನಿಂದ ಪ್ಯಾಸ್ಕೋ ಬಂದ, ಕಂಕುಳಲ್ಲಿ ಫಾರಂ.
ಕಸದ ಕೋಣೆಯ ಅಳತೆ?
ಸೊನ್ನೆ, ಅಂದೆ.
ಸೊನ್ನೆ ಅಳತೆಯಲ್ಲ, ಅಂದ. ಖಾಲಿಯೂ ಬಿಡುವಂತಿಲ್ಲ.
ಮುಚ್ಚಳ ಎತ್ತಿ ಮೂಸಿದ, ಕಂಡಿಗೆ ಟಾರ್ಚ್ ಹಾಕಿದ,
ಕೊನೆಗೆ ಕಿಟಕಿಯ ಮೇಲಿದ್ದ ಜಾಮಿನ ಜಾಡಿ ಎತ್ತಿ, ಇದೇನು?

ಹಣ್ಣಿಗೆ ಅಂಟಿಸುವ ಚೀಟಿಗಳು.
ಹುಳ ತಿನ್ನೊಲ್ಲ, ಬೆಂಕಿಗೆ ಹಾಕಿದರೆ ಗಬ್ಬು.
ಇದೊಂದಕ್ಕೆ ನಮಗಿನ್ನೂ ದಾರಿ ಹೊಳೆದಿಲ್ಲ.

ಜೇಬಿನಿಂದ ಸ್ಕೇಲು ತೆಗೆದ. ನಿಧಾನವಾಗಿ ಬರೆದ:
ಎತ್ತರ ಹನ್ನೊಂದು ಸೆಂಟಿಮೀಟರ್, ಮುಚ್ಚಳ ಸೇರಿ.
ಅದು ನನ್ನ ಮೂವತ್ತೊಂದನೆಯದು.
ಜೋರಿ ಒದ್ದೆ ಬೆರಳಲ್ಲಿ ಇನ್ನೊಂದು ತಂದು
ಒಳಗೆ ಉದುರಿಸಲು ನೋಡಿದ. ಅದು ಬೆರಳಿಗೇ ಅಂಟಿತ್ತು:
ಬಾಳೆಹಣ್ಣು, ಕೋಸ್ಟರಿಕಾ.