ಕೊಟೇಶನ್

ಜನವರಿಯಲ್ಲಿ ಬರೆದು ಕೊಟ್ಟದ್ದು,
ಮದುವೆ ಕಾಗದದ ಹಿಂಬದಿಯಲ್ಲಿ, ನೀಲಿ ಪೆನ್ನಿನಲ್ಲಿ:
ಸೆಲಿನ್ ಬಾಯಿಯ ಕಂಪೌಂಡು, ಉದ್ದ ನೂರನಲುವತ್ತು ಅಡಿ,
ಎತ್ತರ ಐದು. ಕಲ್ಲು, ಸಿಮೆಂಟು, ಹೊಯ್ಗೆ, ಕೂಲಿ.
ಕೆಳಗೊಂದು ಗೆರೆ. ಗೆರೆಯ ಕೆಳಗೆ ಒಟ್ಟು.
ಒಟ್ಟಿನ ಕೆಳಗೆ ನನ್ನ ರುಜು:
ಮೇಸ್ತ್ರಿ ದೂಮಪ್ಪ ಬೆಳ್ಚಾಡ, ಪೈವಳಿಕೆ.

ಡೀಸೆಲ್ ಎಂಬ ಪದ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ.

ಗೊತ್ತಿರಲಿಲ್ಲವೆಂದಲ್ಲ.
ಕಲ್ಲು ಎಂದು ಬರೆದರೆ ಅದರೊಳಗೆ
ಬಾಯಾರಿನ ಕೋರೆಯಲ್ಲಿ ಮುರಕಲ್ಲು ಕೊಯ್ಯುವ ಮಿಶನು,
ಕೆಂಪು ಧೂಳು ಮೆತ್ತಿದ ಅದ್ರಾಮನ ಹುಬ್ಬು,
ಏರಿನಲ್ಲಿ ಕೆಮ್ಮುವ ಅವನ ಹಳೇ ಲಾರಿ
ಎಲ್ಲ ಸೇರಿಕೊಂಡಿರುತ್ತದೆ ಎಂದು ಗೊತ್ತು.
ಗೊತ್ತಿದ್ದುದಕ್ಕೆ ಬೆಲೆ ಕಟ್ಟಿರಲಿಲ್ಲ, ಅಷ್ಟೆ.

ಮಾರ್ಚಿನಲ್ಲಿ ಅದ್ರಾಮ ಫೋನು ಮಾಡಿದ.
"ಕಲ್ಲಿಗೆ ಮೂರು ರೂಪಾಯಿ ಜಾಸ್ತಿ ಆಗ್ತದೆ ಬೆಳ್ಚಾಡರೇ,
ನಾನು ತಿನ್ನುವುದಲ್ಲ, ಮಿಶನು ಕುಡಿಯುವುದು."
ಹೊಯ್ಗೆಯವ ಫೋನು ಕೂಡ ಮಾಡಲಿಲ್ಲ,
ಬಿಲ್ಲಿನಲ್ಲಿ ಬರೆದೇ ಕಳಿಸಿದ.

ತಲಪಾಡಿಯಲ್ಲಿ ಕಮ್ಮಿ ಎನ್ನುತ್ತಾರೆ ಎಲ್ಲರೂ.
ಗಡಿ ದಾಟಿದರೆ ಪಾದೆ ಅದೇ, ಸಮುದ್ರದ ಗಾಳಿ ಅದೇ,
ಪಂಪಿನ ಬೋರ್ಡು ಮಾತ್ರ ಬೇರೆ.
ಪಿಕಪ್ಪಿನಲ್ಲಿ ಎರಡು ಕ್ಯಾನು ಇಟ್ಟು ನಾನೂ ಹೋದೆ ಒಮ್ಮೆ.
ಕ್ಯೂನಲ್ಲಿ ನನ್ನ ಮುಂದೆ ಎಲ್ಲ ಕೆ.ಎಲ್. ಹದಿನಾಲ್ಕು:
ಬೋರ್‌ವೆಲ್ಲಿನವ, ಶಾಮಿಯಾನದವ,
ಜನರೇಟರು ಹಿಂದೆ ಕಟ್ಟಿಕೊಂಡ ಬಂದ್ಯೋಡಿನ ವೆಲ್ಡರ್.
ಯಾರೂ ಯಾರ ಮುಖವನ್ನೂ ನೋಡಲಿಲ್ಲ,
ಪರಿಚಯದವರ ಊಟದಲ್ಲಿ ಎರಡನೇ ಪಂಕ್ತಿಗೂ ಕೂತವರ ಹಾಗೆ.
ಕ್ಯಾನಿಗೆ ಹಾಕುವುದಿಲ್ಲ ಎಂದ ಪಂಪಿನ ಹುಡುಗ.
ಟ್ಯಾಂಕು ತುಂಬಿಸಿ ಬಂದೆ. ಹೋದದ್ದು, ಬಂದದ್ದು,
ಹೈವೇ ಕೆಲಸದ ಧೂಳಿನಲ್ಲಿ ಇಂಜಿನು ಆರಿಸದೆ ನಿಂತದ್ದು
ಎಲ್ಲ ಕಳೆದು ಉಳಿದದ್ದು ನೂರಹನ್ನೆರಡು ರೂಪಾಯಿ.
ಅದರಲ್ಲಿ ಒಂದು ಚಾ, ಒಂದು ಪ್ಲೇಟು ಗೋಳಿಬಜೆ.

ಸೆಲಿನ್ ಬಾಯಿಯ ಹತ್ತಿರ ಕೇಳಬಹುದಿತ್ತು.
ಕೇಳಲೆಂದೇ ಹೋಗಿದ್ದೆ, ಲೆಕ್ಕ ಕಿಸೆಯಲ್ಲಿಟ್ಟು.
ಅವರು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದರು,
ಬಾಯಲ್ಲಿ ಎರಡು ಗುಂಡುಸೂಜಿ.
ಅದನ್ನು ತೆಗೆದು, ನಾನು ಬಾಯಿ ತೆರೆಯುವ ಮೊದಲೇ,
"ಬೇರೆಯವರು ಕಮ್ಮಿಗೂ ಹೇಳಿದ್ದರು ಮೇಸ್ತ್ರಿ,
ನೀವು ಮಾತು ತಪ್ಪುವವರಲ್ಲ ಎಂದು ನಿಮಗೇ ಕೊಟ್ಟದ್ದು" ಎಂದರು.
ಅದರ ಮೇಲೆ ಮೂರು ರೂಪಾಯಿಯ ಸುದ್ದಿ ಎತ್ತುವುದು ಹೇಗೆ?
ನೀರು ಕುಡಿದು ಬಂದೆ.

ಆಮೇಲೆ ನಾನು ಮಾಡಿದ್ದು ಇದು:
ಆರು ಬಾಂಡ್ಲಿ ಹೊಯ್ಗೆಗೆ ಒಂದು ಸಿಮೆಂಟು ಇದ್ದದ್ದನ್ನು
ಒಂಬತ್ತಕ್ಕೆ ಒಂದು ಮಾಡಿದೆ.
ಕಲಸುವ ಐತ ಸಲಿಕೆ ನಿಲ್ಲಿಸಿ ಒಮ್ಮೆ ನೋಡಿದ,
ಮತ್ತೆ ಕಲಸಿದ.
ಮೂವತ್ತು ವರ್ಷದ ಹಿಂದೆ ನನಗೆ ಕರಣೆ ಹಿಡಿಯಲು ಕಲಿಸಿದವನ
ತಮ್ಮ ಅವನು.

ಆ ದಿನ ಎದ್ದದ್ದು ಮೂರು ಸಾಲು,
ಮೂಲೆಯಿಂದ ಗೇಟಿನವರೆಗೆ, ನೂಲಿಗೆ ನೂಲು.
ನೋಡುವವರಿಗೆ ಅದೂ ಗೋಡೆ, ಇದೂ ಗೋಡೆ.

ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾದೀತು.
ಚೆನ್ನಾಗಿಯೇ ಬಂತು, ಮೈಕೈ ನೋವಿಗೆ.
ಬೆಳಗ್ಗೆ ಹೋಗಿ ನೋಡಿದರೆ
ಐತ ನನಗಿಂತ ಮೊದಲೇ ಬಂದು
ಸಂದಿನಲ್ಲಿ ಉಗುರು ಹಾಕಿ ಕೆರೆಯುತ್ತಿದ್ದ.
ಹೊಯ್ಗೆ ಉದುರಿತು, ಅವನ ಪಾದದ ಮೇಲೆ, ಸದ್ದಿಲ್ಲದೆ.
"ಪಂಪಿನಲ್ಲಿ ಏರಿದ್ದು ಇಲ್ಲಿ ಇಳೀತಾ?" ಎಂದ.
ಮತ್ತೇನೂ ಹೇಳಲಿಲ್ಲ.

ಮೂರು ಸಾಲೂ ಬಿಚ್ಚಿದೆವು.
ಅರ್ಧ ದಿನ. ಎರಡು ಕೂಲಿ. ನಾಲ್ಕು ಕಲ್ಲು ಒಡೆಯಿತು.
ಸೆಲಿನ್ ಬಾಯಿ ಕಿಟಕಿಯಿಂದ ಕೇಳಿದರು,
"ಎಂತ ಆಯ್ತು ಮೇಸ್ತ್ರಿ?"
ನೂಲು ತಪ್ಪಿತ್ತು ಎಂದೆ.

ಈಗ ಇನ್ನೊಂದು ಮದುವೆ ಕಾಗದ,
ಕುಡಾಲಿನಲ್ಲಿ ಒಂದು ಬಾವಿಕಟ್ಟೆ.
ಕಲ್ಲು, ಸಿಮೆಂಟು, ಹೊಯ್ಗೆ, ಕೂಲಿ.
ಐದನೆಯದಾಗಿ ಡೀಸೆಲ್ ಎಂದು ಬರೆದಿದ್ದೇನೆ.
ಅದರ ಎದುರು ಅಂಕೆ ಹಾಕಲು
ಪೆನ್ನು ಕೆಳಗಿಟ್ಟು ಮಗಳ ಪೆನ್ಸಿಲು ಕೇಳಿದೆ.
"ರಬ್ಬರು ತುದಿಯಲ್ಲೇ ಉಂಟು ಅಪ್ಪಾ" ಎಂದಳು.